ನೀಲಗಿರಿ ತಾರ್: ಎಣಿಕೆ ಏರಿದೆ, ನೆಲೆ ಹಿಗ್ಗಿದೆಯೇ?

2025ರ ಏಪ್ರಿಲ್ ಕೊನೆಯಲ್ಲಿ ಕೇರಳ ಮತ್ತು ತಮಿಳುನಾಡಿನ ಅರಣ್ಯ ಇಲಾಖೆಗಳು ಒಂದೇ ಹೊತ್ತಿಗೆ ನೀಲಗಿರಿ ತಾರ್‌ಗಳ ಗಣತಿ ನಡೆಸಿದವು. ಕೇರಳದಲ್ಲಿ 1,365, ತಮಿಳುನಾಡಿನಲ್ಲಿ 1,303, ಒಟ್ಟು 2,668 ಎಂಬ ಲೆಕ್ಕ ಹೊರಬಿತ್ತು. ತಮಿಳುನಾಡಿನ ಹಿಂದಿನ ವರ್ಷದ ಲೆಕ್ಕ 1,031 ಇತ್ತು. ಅಂದರೆ ಒಂದೇ ವರ್ಷದಲ್ಲಿ ಶೇ 26ರಷ್ಟು ಏರಿಕೆ. ಬೆಟ್ಟದ ನೆತ್ತಿಯಲ್ಲಷ್ಟೇ ಬದುಕುವ ಅಪರೂಪದ ಕಾಡು ಮೇಕೆಯ ಬಗ್ಗೆ ಇಂಥ ಸುದ್ದಿ ಬಂದರೆ ಯಾರಿಗಾದರೂ ಖುಷಿಯೇ.

ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ಹಳೆಯ ಅಂಕಿಗಳನ್ನು ನೋಡಿದರೆ ಗೊಂದಲ ಶುರುವಾಗುತ್ತದೆ. 2015ರಲ್ಲಿ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್-ಇಂಡಿಯಾ ಕೊಟ್ಟ ಅಂದಾಜು 3,122. ಹಾಗಿದ್ದರೆ ಹತ್ತು ವರ್ಷಗಳಲ್ಲಿ ತಾರ್ ಸಂಖ್ಯೆ ಇಳಿದಿದೆಯೇ? 1970ರ ದಶಕದಲ್ಲಿ ನಿಸರ್ಗ ಅಧ್ಯಯನಕಾರ ಇ.ಆರ್.ಸಿ. ಡೇವಿಡಾರ್ ಬೆಟ್ಟಬೆಟ್ಟ ಸುತ್ತಿ ಕೊಟ್ಟ ಅಂದಾಜು 2,230ರ ಆಸುಪಾಸಿನದು. ಅದಕ್ಕೆ ಹೋಲಿಸಿದರೆ ಏರಿದೆಯೇ? ಏರಿದ್ದೇ ನಿಜವಾದರೆ ಈ ಪ್ರಾಣಿ ಇನ್ನೂ ಅಳಿವಿನಂಚಿನ ಪಟ್ಟಿಯಲ್ಲಿ ಏಕಿದೆ? ತಮಿಳುನಾಡು ಸರ್ಕಾರ ಇದಕ್ಕೆಂದೇ 25.14 ಕೋಟಿ ರೂಪಾಯಿಯ ಐದು ವರ್ಷದ ಯೋಜನೆ ಹಾಕಿಕೊಂಡಿದ್ದೇಕೆ?

ಈ ಅಂಕಿಗಳು ಒಂದನ್ನೊಂದು ಸುಳ್ಳು ಮಾಡುತ್ತಿಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ತಾರ್‌ನ ಭವಿಷ್ಯ ಹೇಳುವ ಸಂಗತಿಯಂತೂ ಈ ಯಾವ ಅಂಕಿಯಲ್ಲೂ ಇಲ್ಲ, ಅದು ಬೆಟ್ಟದ ಮೇಲಿನ ಹುಲ್ಲು ಮತ್ತು ಬಂಡೆಯಲ್ಲಿದೆ.

ಯಾವುದು ಈ ಪ್ರಾಣಿ?

ತಮಿಳರು, ಮಲಯಾಳಿಗಳು ವರೈಯಾಡು, ವರಯಾಡು ಎಂದು ಕರೆಯುವ ಈ ಪ್ರಾಣಿ ಜಗತ್ತಿನಲ್ಲಿ ಪಶ್ಚಿಮ ಘಟ್ಟದ ದಕ್ಷಿಣ ಭಾಗ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ನೀಲಗಿರಿಯಿಂದ ಕನ್ಯಾಕುಮಾರಿಯತ್ತ ಇಳಿಯುವ ಬೆಟ್ಟಸಾಲಿನಲ್ಲಿ, ಹೆಚ್ಚಾಗಿ 1,200ರಿಂದ 2,600 ಮೀಟರ್ ಎತ್ತರದಲ್ಲಿ, ಅಲ್ಲೊಂದು ಇಲ್ಲೊಂದು ಗುಂಪಾಗಿ ಬದುಕುತ್ತದೆ. ಕಡಿದಾದ ಪರ್ವತಗಳಲ್ಲೇ ಬದುಕುವ ಗೊರಸುಪ್ರಾಣಿಗಳೆಲ್ಲ ಹಿಮಾಲಯದ ಕಡೆ ಇರುವಾಗ ದಕ್ಷಿಣ ಭಾರತದ ಪಾಲಿಗೆ ಬಂದದ್ದು ಇದೊಂದೇ.

ಹೆಣ್ಣು, ಮರಿಗಳದ್ದು ಬೂದು ಮಿಶ್ರಿತ ಕಂದು ಬಣ್ಣ. ಗಂಡು ಬಲಿತಂತೆ ಮೈ ಕಪ್ಪಾಗುತ್ತಾ ಹೋಗಿ ಬೆನ್ನಿನ ಮೇಲೆ ಬೆಳ್ಳಗಿನ ಪಟ್ಟೆ ಮೂಡುತ್ತದೆ. ದೂರದಿಂದ ನೋಡಿದವರಿಗೆ ಜೀನು ಹಾಕಿದಂತೆ ಕಾಣುವುದರಿಂದ ಇಂಥ ಗಂಡುಗಳಿಗೆ ಇಂಗ್ಲಿಷಿನಲ್ಲಿ ‘ಸ್ಯಾಡಲ್‌ಬ್ಯಾಕ್’ ಎಂಬ ಹೆಸರಿದೆ. ಬಲಿತ ಗಂಡು ಸುಮಾರು 100 ಕಿಲೋ ತೂಗುತ್ತದೆ, ಹೆಣ್ಣು ಅದರ ಅರ್ಧದಷ್ಟು. ನೋಟಕ್ಕೆ ಮೇಕೆಯಾದರೂ 2005ರಲ್ಲಿ ನಡೆದ ವಂಶವಾಹಿ ಅಧ್ಯಯನ ಇದರ ಹತ್ತಿರದ ನೆಂಟರು ಕುರಿಗಳೆಂದು ತೋರಿಸಿತು. ಹಿಮಾಲಯದ ತಾರ್ ಜೊತೆ ಒಂದೇ ಕುಲದಲ್ಲಿ ಇಟ್ಟಿದ್ದ ಇದಕ್ಕೆ ನೀಲಗಿರಿಟ್ರ್ಯಾಗಸ್ ಎಂಬ ಪ್ರತ್ಯೇಕ ಕುಲ ಸಿಕ್ಕಿತು. ಆ ಕುಲದಲ್ಲಿರುವುದು ಇದೊಂದೇ ಜೀವಿ. ಇದು ಅಳಿದರೆ ಒಂದು ಪ್ರಭೇದದ ಜೊತೆಗೆ ಒಂದು ಇಡೀ ಕವಲೇ ಅಳಿಯುತ್ತದೆ. ತಮಿಳುನಾಡಿನ ರಾಜ್ಯ ಪ್ರಾಣಿ ಎಂಬ ಗೌರವ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಎರಡೂ ಇದಕ್ಕಿವೆ.

ಶೇ 26 ಎಲ್ಲಿಂದ ಬಂತು?

ಮೊದಲು ಪ್ರಾಣಿಯ ಕಡೆಯಿಂದಲೇ ಲೆಕ್ಕ ಹಾಕೋಣ. ಮಳೆಗಾಲದಲ್ಲಿ ಬೆದೆಗೆ ಬರುವ ತಾರ್ ಸುಮಾರು ಆರು ತಿಂಗಳ ಬಸಿರು ಹೊತ್ತು ಜನವರಿ, ಫೆಬ್ರವರಿಯಲ್ಲಿ ಈಯುತ್ತದೆ. ಸಾಮಾನ್ಯವಾಗಿ ಒಂದೇ ಮರಿ. ಅವುಗಳಲ್ಲೂ ಬಹಳಷ್ಟು ಮೊದಲ ವರ್ಷ ದಾಟುವುದಿಲ್ಲ. ಚಿರತೆ, ಹುಲಿ, ಸೀಳುನಾಯಿಗಳ ಬಾಯಿಗೆ ದೊಡ್ಡವೂ ಬೀಳುತ್ತವೆ. ಹೀಗೆ ಬದುಕುವ ಜೀವಿ ಒಂದೇ ವರ್ಷದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆಯಬೇಕಾದರೆ ಆ ವರ್ಷ ಎಲ್ಲವೂ ಅದರ ಪರವಾಗಿ ನಡೆದಿರಬೇಕು.

ಈಗ ಎಣಿಸಿದವರ ಕಡೆಯಿಂದ ನೋಡೋಣ. 2024ರಲ್ಲಿ ತಮಿಳುನಾಡು 140 ಗಣತಿ ಬ್ಲಾಕ್‌ಗಳಲ್ಲಿ, ಅಂದರೆ ಎಣಿಕೆಗೆಂದು ಗುರುತಿಸಿದ ತುಣುಕು ಪ್ರದೇಶಗಳಲ್ಲಿ, ಎಣಿಸಿತ್ತು. 2025ರಲ್ಲಿ ಇನ್ನೂ 37 ಸೇರಿಸಿ 177 ಬ್ಲಾಕ್‌ಗಳಲ್ಲಿ ಎಣಿಸಿತು. ಬ್ಲಾಕ್‌ಗಳ ಹೆಚ್ಚಳ ಶೇ 26, ತಾರ್‌ಗಳ ಹೆಚ್ಚಳವೂ ಶೇ 26. ಭಾಗಿಸಿ ನೋಡಿದರೆ ಎರಡೂ ವರ್ಷ ಬ್ಲಾಕ್ ಒಂದಕ್ಕೆ ಸರಾಸರಿ 7.36 ತಾರ್ ಬರುತ್ತವೆ. ಹೆಚ್ಚು ಕಡೆ ಹುಡುಕಿದ್ದಕ್ಕೆ ಹೆಚ್ಚು ಸಿಕ್ಕಿವೆ ಎಂಬುದು ಇದರಿಂದ ಮೇಲ್ನೋಟಕ್ಕೆ ಕಾಣುವ ಅರ್ಥ. ಹಾಗೆಂದು ಏರಿಕೆಯೇ ಆಗಿಲ್ಲವೆಂದು ಹೇಳುವಂತೆಯೂ ಇಲ್ಲ. ಹೊಸ ಬ್ಲಾಕ್‌ಗಳಲ್ಲಿ ತಾರ್ ವಿರಳವಾಗಿದ್ದರೆ ಹಳೆಯ ಬ್ಲಾಕ್‌ಗಳಲ್ಲಿ ನಿಜವಾಗಿಯೂ ಬೆಳೆದಿರಬೇಕಾಗುತ್ತದೆ. ಹಳೆಯ 140 ಬ್ಲಾಕ್‌ಗಳನ್ನಷ್ಟೇ ಬೇರೆಯಾಗಿ ಹೋಲಿಸಿದರೆ ಇದು ಇತ್ಯರ್ಥವಾಗುತ್ತದೆ. ‘ಶೇ 26 ಏರಿಕೆ’ ಎಂಬ ತಲೆಬರಹದಲ್ಲಿ ಆ ಹೋಲಿಕೆ ಕಾಣುವುದಿಲ್ಲ.

ಇಲಾಖೆಗಳ ಶ್ರಮವನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಎರಡು ರಾಜ್ಯಗಳು ಅದೇ ದಿನಗಳಲ್ಲಿ, ಒಂದೇ ವಿಧಾನದಲ್ಲಿ ಎಣಿಸಿದ್ದು ದೊಡ್ಡ ಕೆಲಸ. ಗಡಿಯ ಬೆಟ್ಟಗಳಲ್ಲಿ ತಾರ್ ಗುಂಪು ಬೆಳಿಗ್ಗೆ ಒಂದು ರಾಜ್ಯದಲ್ಲಿದ್ದರೆ ಸಂಜೆ ಇನ್ನೊಂದರಲ್ಲಿ ಇರುತ್ತದೆ. ಬೇರೆ ಬೇರೆ ತಿಂಗಳಲ್ಲಿ ಎಣಿಸಿದರೆ ಅದೇ ಪ್ರಾಣಿ ಎರಡು ಕಡೆಯ ಲೆಕ್ಕಕ್ಕೂ ಬರಬಹುದು, ಎರಡೂ ಕಡೆ ತಪ್ಪಿಹೋಗಲೂಬಹುದು.

ಕಾಣದ ಪ್ರಾಣಿಯನ್ನು ಎಣಿಸುವ ಬಗೆ

ಮಂಜು ಕವಿದ ಇಳಿಜಾರಿನಲ್ಲಿ ಬಂಡೆಯ ಬಣ್ಣದ ಪ್ರಾಣಿಯನ್ನು ಪೂರ್ತಿ ಎಣಿಸಲು ಯಾರಿಂದಲೂ ಆಗದು. ಗಣತಿಯಲ್ಲಿ ಅದಕ್ಕೆಂದೇ ಎರಡು ಉಪಾಯಗಳಿವೆ.

ಒಂದು, ಅದೇ ಬ್ಲಾಕ್ ಅನ್ನು ಮತ್ತೆ ಮತ್ತೆ ಎಣಿಸುವುದು. ನಾಲ್ಕು ಸಲ ಎಣಿಸಿದಾಗ ಅತಿ ಹೆಚ್ಚು ಕಂಡದ್ದು 20, ಅದರ ನಂತರದ್ದು 17 ಎಂದಿಟ್ಟುಕೊಳ್ಳಿ. ಈ ಎರಡರ ಅಂತರವಾದ 3ನ್ನು ಹೆಚ್ಚಿನ ಸಂಖ್ಯೆಗೆ ಕೂಡಿಸಿ 23 ಇರಬಹುದು ಎಂದು ಅಂದಾಜಿಸುತ್ತಾರೆ. ಎಣಿಕೆಗಳ ನಡುವೆ ಅಂತರ ಹೆಚ್ಚಿದಷ್ಟೂ ಕಣ್ತಪ್ಪಿದವು ಹೆಚ್ಚು ಎಂಬುದು ಇದರ ತರ್ಕ.

ಇನ್ನೊಂದು, ಎರಡು ತಂಡಗಳ ವಿಧಾನ. ಒಂದೇ ಹಾದಿಯಲ್ಲಿ ಮೊದಲ ತಂಡ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು ಹೊರಡುತ್ತದೆ. ಪರಸ್ಪರ ಮಾತಿಲ್ಲ. ಕಂಡ ಗುಂಪಿನಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು, ಎಷ್ಟು ಮರಿ, ಯಾವ ಹೊತ್ತು, ಯಾವ ಜಾಗ ಎಂದು ಬರೆದುಕೊಳ್ಳುತ್ತಾರೆ. ಸಂಜೆ ಎರಡೂ ಪಟ್ಟಿ ಜೋಡಿಸಿ ಎರಡೂ ತಂಡಕ್ಕೆ ಕಂಡ ಗುಂಪುಗಳು ಯಾವುವು ಎಂದು ಗುರುತಿಸುತ್ತಾರೆ. ತಲಾ 10 ಗುಂಪು ಕಂಡು, ಅವುಗಳಲ್ಲಿ 8 ಎರಡೂ ತಂಡಕ್ಕೆ ಸಿಕ್ಕಿದ್ದರೆ, ಪ್ರತಿ ತಂಡ ಇರುವುದರಲ್ಲಿ ಶೇ 80 ಮಾತ್ರ ನೋಡಿದೆ ಎಂದಾಯಿತು. ಹಾಗಾಗಿ ಅಲ್ಲಿ ಹನ್ನೆರಡು, ಹದಿಮೂರು ಗುಂಪುಗಳಿರಬೇಕು.

ಡೇವಿಡಾರ್ ಕಾಲದ ಎಣಿಕೆ ಹೀಗಿರಲಿಲ್ಲ. 2015ರ ಅಂದಾಜು ಕೂಡ ಈ ಬಗೆಯ ಏಕಕಾಲದ ಗಣತಿಯಿಂದ ಬಂದದ್ದಲ್ಲ. 2,230, 3,122, 2,668 ಎಂಬ ಮೂರು ಅಂಕಿಗಳನ್ನು ಒಂದೇ ಗೆರೆಯ ಮೇಲಿಟ್ಟು ಏರಿತು, ಇಳಿಯಿತು ಎನ್ನುವುದಕ್ಕೆ ಆಧಾರ ಸಾಲದು. 2024, 2025ರ ಗಣತಿಗಳೇ ಮುಂದಿನ ಹೋಲಿಕೆಗೆ ಸಿಕ್ಕಿರುವ ಮೊದಲ ಭದ್ರ ಬುನಾದಿ.

ಹುಲ್ಲೊಂದೇ ಸಾಲದು, ಬಂಡೆಯೊಂದೇ ಸಾಲದು

ತಾರ್‌ಗೆ ಏನು ಬೇಕು ಎಂಬುದು ಅರ್ಥವಾದರೆ ಉಳಿದ ವಿವಾದಗಳು ತಾವಾಗಿ ತಿಳಿಯಾಗುತ್ತವೆ. ಅದಕ್ಕೆ ಮೇಯಲು ತೆರೆದ ಹುಲ್ಲುಗಾವಲು ಬೇಕು. ಆ ಹುಲ್ಲುಗಾವಲಿಗೆ ತಾಗಿಕೊಂಡೇ ಕಡಿದಾದ ಬಂಡೆ ಇರಬೇಕು. ಮೇಯುವಾಗ ಗುಂಪಿನಲ್ಲಿ ಒಂದು, ಬಹುತೇಕ ಸಲ ಬಲಿತ ಹೆಣ್ಣು, ಎತ್ತರದ ಕಲ್ಲಿನ ಮೇಲೆ ನಿಂತು ಕಾವಲು ಕಾಯುತ್ತದೆ. ಸೀಳುನಾಯಿಯೋ ಚಿರತೆಯೋ ಕಂಡರೆ ಸಿಳ್ಳೆಯಂಥ ದನಿ ಹೊರಡಿಸುತ್ತದೆ. ಆ ಕ್ಷಣಕ್ಕೆ ಇಡೀ ಗುಂಪು ಬಂಡೆಯತ್ತ ಓಡುತ್ತದೆ. ಗೊರಸಿನ ಅಂಚು ಗಟ್ಟಿ, ಒಳಭಾಗ ರಬ್ಬರಿನಂತೆ ಮೆತ್ತಗೆ ಇರುವುದರಿಂದ ಬೇಟೆಯಾಡುವ ಪ್ರಾಣಿ ಕಾಲಿಡಲಾಗದ ಇಳಿಜಾರಿನಲ್ಲಿ ತಾರ್ ನಿಲ್ಲಬಲ್ಲದು. ಮರಿ ಹಾಕುವುದೂ ಬಂಡೆಗಳ ಆಸರೆಯಲ್ಲೇ.

ಬಯಲಿನಲ್ಲಿ ಓಡಿ ಪಾರಾಗುವ ಶಕ್ತಿ ತಾರ್‌ಗಿಲ್ಲ. ದಟ್ಟ ಕಾಡಿನಲ್ಲಿ ಅದಕ್ಕೆ ದೂರ ಕಾಣುವುದಿಲ್ಲ, ತಿನ್ನಲು ಹುಲ್ಲೂ ಇಲ್ಲ. ಹೀಗಾಗಿ ಹುಲ್ಲುಗಾವಲಿಗೆ ಮರಗಳು ನುಗ್ಗಿದರೆ ಮೇವು ಕಡಿಮೆಯಾಗುತ್ತದೆ, ಜೊತೆಗೆ ಬೇಟೆಯಾಡುವ ಪ್ರಾಣಿಗೆ ಮರೆ ಸಿಗುತ್ತದೆ, ಬಂಡೆಯತ್ತ ಓಡುವ ದಾರಿಯೂ ಮುಚ್ಚುತ್ತದೆ. ಒಂದು ಬದಲಾವಣೆಯಿಂದ ಮೂರು ಹೊಡೆತ.

ಈ ಹುಲ್ಲುಗಾವಲು ಯಾವುದೋ ಕಾಡು ಕಡಿದು ಆದದ್ದಲ್ಲ. ಘಟ್ಟದ ಎತ್ತರದ ಭಾಗದಲ್ಲಿ ಕಣಿವೆಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ನಿತ್ಯಹಸಿರು ಕಾಡು, ಮೇಲಿನ ಗುಡ್ಡಗಳಲ್ಲಿ ಹುಲ್ಲು, ಹೀಗೆ ಸಾವಿರಾರು ವರ್ಷಗಳಿಂದ ನಡೆದುಬಂದಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೀಲಗಿರಿಯ ಮೇಲ್ಭಾಗದಲ್ಲಿ ರಾತ್ರಿ ಹೊತ್ತು ಹುಲ್ಲಿನ ಮೇಲೆ ಹಿಮದ ಪುಡಿ ಕಟ್ಟುತ್ತದೆ. ತೆರೆದ ಗುಡ್ಡದಲ್ಲಿ ಮೊಳೆತ ಶೋಲಾ ಸಸಿಗಳನ್ನು ಆ ಹಿಮ ಸುಟ್ಟುಬಿಡುತ್ತದೆ. ಹುಲ್ಲಿನ ಬೇರು ಮಾತ್ರ ಉಳಿದು ಮತ್ತೆ ಚಿಗುರುತ್ತದೆ.

ಬೆಂಕಿಗೂ ಇಲ್ಲಿ ಪಾಲಿದೆ. ಮುನ್ನಾರ್ ಬಳಿಯ ಎರವಿಕುಳಂನಲ್ಲಿ ಮುದುವಾನ್ ಬುಡಕಟ್ಟಿನ ಜನ ಚಳಿಗಾಲ ಮುಗಿಯುವ ಹೊತ್ತಿಗೆ ಹುಲ್ಲುಗಾವಲನ್ನು ತುಂಡು ತುಂಡಾಗಿ, ಹದವಾಗಿ ಸುಡುತ್ತಾ ಬಂದಿದ್ದಾರೆ. ಒಣಗಿ ನಿಂತ ಹಳೆಯ ಹುಲ್ಲು ಹೋಗಿ ಕೆಲವೇ ವಾರಗಳಲ್ಲಿ ಎಳೆ ಹುಲ್ಲು ಬರುತ್ತದೆ, ಮರಿ ಹಾಕಿದ ತಾರ್‌ಗಳು ಆ ಚಿಗುರಿಗೆ ಬರುತ್ತವೆ. ಬೆಂಕಿ ಎಂದರೆ ಕಾಡಿನ ಶತ್ರು ಎಂದೇ ನಂಬಿದವರಿಗೆ ಇದು ಸುಲಭವಾಗಿ ಒಪ್ಪಿಗೆಯಾಗದು. ಆದರೆ ಸುಡುವ ಹೊತ್ತು, ಜಾಗ, ಅಗಲ ತಿಳಿದವರ ಕೈಯಲ್ಲಿ ಅದು ಹುಲ್ಲನ್ನು ಉಳಿಸುವ ಸಾಧನ. ಏನೂ ಸುಡದೆ ವರ್ಷಗಟ್ಟಲೆ ಬಿಟ್ಟ ಒಣಹುಲ್ಲಿಗೆ ಒಂದು ದಿನ ಕಿಡಿ ಬಿದ್ದರೆ ಶೋಲಾ ಅಂಚೂ ಸೇರಿ ಬೂದಿಯಾಗುತ್ತದೆ.

ಎರವಿಕುಳಂ 97 ಚದರ ಕಿಲೋಮೀಟರಿನ ಸಣ್ಣ ರಾಷ್ಟ್ರೀಯ ಉದ್ಯಾನ. 2025ರ ಗಣತಿಯಲ್ಲಿ ಅಲ್ಲೊಂದೇ ಕಡೆ 841 ತಾರ್ ಸಿಕ್ಕವು, ಅಂದರೆ ಜಗತ್ತಿನಲ್ಲಿರುವ ತಾರ್‌ಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ದೊಡ್ಡ, ಮುರಿಯದ ಹುಲ್ಲುಗಾವಲು ಮತ್ತು ಅದಕ್ಕೆ ಅಂಟಿಕೊಂಡ ಬಂಡೆಸಾಲು ಒಟ್ಟಿಗೆ ಉಳಿದದ್ದೇ ಇದಕ್ಕೆ ಕಾರಣ. ಮರಿ ಹಾಕುವ ಕಾಲದಲ್ಲಿ ಉದ್ಯಾನವನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ ಎಂಬುದೂ ಸೇರುತ್ತದೆ. ಜಗತ್ತಿನ ಮೂರನೇ ಒಂದು ಪಾಲು ಒಂದೇ ಬೆಟ್ಟಪ್ರದೇಶದಲ್ಲಿರುವುದು ಧೈರ್ಯ ಕೊಡುವಷ್ಟೇ ಭಯವನ್ನೂ ಹುಟ್ಟಿಸುತ್ತದೆ. ಒಂದು ಸಾಂಕ್ರಾಮಿಕ ರೋಗ ಅಲ್ಲಿಗೆ ಬಂದರೆ ಏನಾಗಬಹುದೆಂದು ಯೋಚಿಸಬೇಕು.

ಖಾಲಿ ಜಾಗವೆಂದು ನೆಟ್ಟ ಮರಗಳು

ಬ್ರಿಟಿಷರ ಕಣ್ಣಿಗೆ ಈ ಗುಡ್ಡಗಳು ಮರವಿಲ್ಲದ ಪಾಳು ಜಾಗವಾಗಿ ಕಂಡವು. 19ನೇ ಶತಮಾನದ ಮಧ್ಯಭಾಗದಿಂದ ಆಸ್ಟ್ರೇಲಿಯಾದ ವಾಟಲ್ ಮತ್ತು ಯೂಕಲಿಪ್ಟಸ್ ಇಲ್ಲಿ ಬೇರೂರಿದವು. ಚಹಾ ತೋಟಗಳೂ ಗುಡ್ಡ ಹತ್ತಿದವು. ಸ್ವಾತಂತ್ರ್ಯದ ನಂತರವೂ ನಿಲ್ಲಲಿಲ್ಲ. ಚರ್ಮ ಹದ ಮಾಡಲು ವಾಟಲ್ ತೊಗಟೆ ಬೇಕಿತ್ತು, ಕಾಗದ ಮತ್ತು ರೇಯಾನಿಗೆ ತಿರುಳು ಬೇಕಿತ್ತು, ಊರಿಗೆ ಸೌದೆ ಬೇಕಿತ್ತು. ಅರಣ್ಯ ಇಲಾಖೆಗಳೇ ಹುಲ್ಲುಗಾವಲುಗಳಲ್ಲಿ ಸಾಲು ಸಾಲಾಗಿ ನೆಟ್ಟವು.

ಶೋಲಾ ಸಸಿಗಳನ್ನು ಕೊಲ್ಲುತ್ತಿದ್ದ ಹಿಮ ವಾಟಲ್ ಮತ್ತು ಪೈನ್‌ಗಳನ್ನು ತಡೆಯಲಿಲ್ಲ. ನೆಟ್ಟ ಜಾಗ ದಾಟಿ ಅವು ತಾವಾಗಿಯೇ ಹಬ್ಬಿದವು. ಪಳನಿ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ನಾಲ್ಕು ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರನೇ ಎರಡು ಭಾಗ ಮರದ ತೋಪು ಮತ್ತು ಕೃಷಿಗೆ ಹೋಗಿದೆ ಎಂದು 2018ರಲ್ಲಿ ವರದಿ ಮಾಡಿದರು. ತಾರ್ ತನ್ನ ಸಾಂಪ್ರದಾಯಿಕ ನೆಲೆಯ ಸುಮಾರು ಶೇ 14ರಷ್ಟರಲ್ಲಿ ಈಗಾಗಲೇ ಅಳಿದಿದೆ ಎಂಬುದು ತಮಿಳುನಾಡು ಸರ್ಕಾರ ಯೋಜನೆ ಘೋಷಿಸುವಾಗ ಉಲ್ಲೇಖಿಸಿದ ಅಂಕಿ. ಗುಂಡೇಟಿಗೆ ಸತ್ತ ಕಾಲ ಬಹುಮಟ್ಟಿಗೆ ಮುಗಿದಿದೆ. ಈಗಿನದು ನೆಲೆ ಕುಗ್ಗಿ ಆಗುವ ಸಾವು.

ಮರ ತೆಗೆಯಬೇಕೇ, ಬಿಡಬೇಕೇ?

ಇಲ್ಲಿಂದ ನಿಜವಾದ ಭಿನ್ನಾಭಿಪ್ರಾಯ ಶುರುವಾಗುತ್ತದೆ. ವಾಟಲ್ ಪೂರ್ತಿ ತೆಗೆದು ಹುಲ್ಲು ಮರಳಿ ತರಬೇಕೆಂಬುದು ಒಂದು ಪಕ್ಷ. ಅವರ ವಾದ ತಾರ್‌ಗಷ್ಟೇ ಸೀಮಿತವಲ್ಲ. ಈ ಹುಲ್ಲುಗಾವಲು ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ. ಭವಾನಿ ಇಲ್ಲೇ ಹುಟ್ಟಿ ಮುಂದೆ ಕಾವೇರಿ ಸೇರುತ್ತದೆ. ಬೇಗ ಬೆಳೆಯುವ ಹೊರಗಿನ ಮರಗಳು ಹುಲ್ಲಿಗಿಂತ ಹೆಚ್ಚು ನೀರು ಕುಡಿಯುತ್ತವೆ.

ಇನ್ನೊಂದು ಪಕ್ಷವೂ ತಾರ್‌ನ ವಿರೋಧಿಗಳದ್ದಲ್ಲ. ವಾಟಲ್ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಯಂತ್ರ ತಂದು ಒಮ್ಮೆಲೇ ಕಡಿದರೆ ಬಿಸಿಲು ಬಿದ್ದು ಆ ಬೀಜಗಳೆಲ್ಲ ಒಟ್ಟಿಗೆ ಮೊಳೆಯುತ್ತವೆ, ಕೆದರಿದ ಮಣ್ಣಿಗೆ ಸ್ಕಾಚ್ ಬ್ರೂಮ್‌ನಂಥ ಇನ್ನೊಂದು ಹೊರಗಿನ ಕಳೆ ಬರುತ್ತದೆ, ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಅಲ್ಲದೆ ಹಳೆಯ ವಾಟಲ್ ತೋಪುಗಳ ನೆರಳಿನಲ್ಲಿ ಕೆಲವೆಡೆ ಶೋಲಾ ಸಸಿಗಳೇ ಏಳುತ್ತಿವೆ. ಅವನ್ನು ಕಡಿದರೆ ಹುಲ್ಲೂ ಇಲ್ಲ, ಶೋಲಾವೂ ಇಲ್ಲ ಎಂಬಂತಾಗುತ್ತದೆ. ಮರ ನಿಂತರೆ ಇಂಗಾಲ ಹಿಡಿಯುತ್ತದೆ ಎಂಬ ಮೂರನೆಯ ವಾದವೂ ಇದೆ. ಹುಲ್ಲುಗಾವಲಿನ ಮಣ್ಣಿನೊಳಗೆ ಸೇರಿಕೊಂಡ ಇಂಗಾಲವನ್ನು ಆ ಲೆಕ್ಕ ಮರೆಯುತ್ತದೆ, ಹಾಗಾಗಿ ಮೂರರಲ್ಲಿ ಇದು ದುರ್ಬಲ.

ಮೊದಲ ಎರಡು ಪಕ್ಷಗಳ ಮಾತನ್ನು ಜೊತೆಗಿಟ್ಟರೆ ಕೆಲಸದ ಕ್ರಮ ಸ್ಪಷ್ಟವಾಗುತ್ತದೆ. ಇನ್ನೂ ತೆರೆದಿರುವ ಹುಲ್ಲುಗಾವಲಿನ ಅಂಚಿಗೆ ಹೊಸದಾಗಿ ಬಂದ ಎಳೆ ಮರಗಳನ್ನು ಮೊದಲು ಕೈಯಿಂದ ಕಿತ್ತು ತೆಗೆಯಬೇಕು. ಎರಡು ಹುಲ್ಲುಗಾವಲುಗಳ ನಡುವೆ ಅಡ್ಡ ನಿಂತ ಪಟ್ಟೆಗಳದು ನಂತರದ ಸರದಿ. ದಟ್ಟವಾದ ಹಳೆಯ ತೋಪುಗಳು ಕೊನೆಗಿರಲಿ. ತೆಗೆದ ಜಾಗಕ್ಕೆ ಸ್ಥಳೀಯ ಹುಲ್ಲು ನೆಟ್ಟು, ವರ್ಷವರ್ಷ ಬಂದು ಮೊಳಕೆ ಕೀಳುವವರೂ ಬೇಕು. ನೀಲಗಿರಿಯ ಅಪ್ಪರ್ ಭವಾನಿಯಲ್ಲಿ ಶೋಲಾ ಹುಲ್ಲುಗಾವಲು ಮರಳಿಸುವ ಪ್ರಯೋಗ ತಮಿಳುನಾಡಿನ ಯೋಜನೆಯ ಭಾಗವಾಗಿದೆ. ಕಡಿಯಲು ಮಾತ್ರ ಹಣವಿಟ್ಟು ಕಳೆ ಕೀಳಲು ಇಡದಿದ್ದರೆ ಆ ಪ್ರಯೋಗ ಮೂರೇ ವರ್ಷದಲ್ಲಿ ಮತ್ತೆ ವಾಟಲ್ ಪೊದೆಯಾಗುತ್ತದೆ.

ಹಿಡಿದು ತಂದು ಬಿಟ್ಟರೆ ಸಾಕೇ?

ಅಳಿದುಹೋದ ಬೆಟ್ಟಗಳಿಗೆ ತಾರ್‌ಗಳನ್ನು ಮತ್ತೆ ತಂದು ಬಿಡುವುದು, ಕೆಲವಕ್ಕೆ ರೇಡಿಯೋ ಕಾಲರ್ ಹಾಕುವುದು, ಕಾಯಿಲೆ ಬಿದ್ದವಕ್ಕೆ ಚಿಕಿತ್ಸೆ, ಇವೂ ಯೋಜನೆಯಲ್ಲಿವೆ. ಗುಂಪುಗಳು ಒಂದನ್ನೊಂದು ಸೇರಲಾಗದೆ ಸಣ್ಣದಾಗಿ ಉಳಿದರೆ ಒಳಗೊಳಗೇ ಕೂಡಿ ಸಂತತಿ ದುರ್ಬಲವಾಗುತ್ತದೆ. ಹಾಗಾಗಿ ಮರುಪರಿಚಯದ ಪರ ವಾದಿಸುವವರ ಆತಂಕ ಸರಿಯಾಗಿಯೇ ಇದೆ.

ಅದರೆದುರು ಮೂರು ತೊಡಕುಗಳಿವೆ. ಬಂಡೆಯ ಮೇಲಿನ ಪ್ರಾಣಿಗೆ ಅರಿವಳಿಕೆ ಕೊಟ್ಟರೆ ಅದು ಜಾರಿ ಬೀಳಬಹುದು, ಹಿಡಿಯುವ ಒತ್ತಡಕ್ಕೇ ಸಾಯಬಹುದು. ಅಳಿದದ್ದಕ್ಕೆ ಏನು ಕಾರಣವೋ ಅದು ಹಾಗೆಯೇ ಇರುವ ಬೆಟ್ಟದಲ್ಲಿ ತಂದು ಬಿಟ್ಟರೆ ಮತ್ತೆ ಅಳಿಯುತ್ತದೆ. ಮೂರನೆಯದು ಸೂಕ್ಷ್ಮವಾದದ್ದು. ಪಶ್ಚಿಮ ಘಟ್ಟವನ್ನು ನಡುವೆ ಸೀಳುವ ಪಾಲ್ಘಾಟ್ ಕಂದರದ ಉತ್ತರಕ್ಕೆ, ನೀಲಗಿರಿ ಬೆಟ್ಟಗಳಲ್ಲಿರುವ ತಾರ್‌ಗಳಿಗೂ ದಕ್ಷಿಣದ ಆನೈಮಲೆ ಕಡೆಯವಕ್ಕೂ ಬಹುಕಾಲದಿಂದ ಸಂಪರ್ಕವಿಲ್ಲ, ವಂಶವಾಹಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಎಲ್ಲಿಂದ ತಂದು ಎಲ್ಲಿ ಬಿಡುತ್ತೀರಿ ಎಂಬುದು ಹಾಗಾಗಿ ಗಂಭೀರ ಪ್ರಶ್ನೆ. ಕಾಲರ್ ವಿಷಯದಲ್ಲಿ ಮಾತ್ರ ಅಪಾಯ ಇದ್ದರೂ ಪೂರ್ತಿ ಬೇಡವೆನ್ನಲಾಗದು. ಯಾವ ಹಾದಿಯಲ್ಲಿ ತಾರ್ ಒಂದು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಗೊತ್ತಾಗದೆ ಯಾವ ವಾಟಲ್ ಪಟ್ಟೆ ಮೊದಲು ತೆಗೆಯಬೇಕೆಂದು ಹೇಗೆ ನಿರ್ಧರಿಸುವುದು?

ಹವಾಮಾನದ ಬಿಸಿ ಇದೆಲ್ಲದರ ಮೇಲೆ ಬಂದಿದೆ. ತಂಪು ಅರಸುವ ಪ್ರಾಣಿ ಮೇಲಕ್ಕೆ ಹೋಗಬೇಕು. ದಕ್ಷಿಣ ಭಾರತದ ಅತಿ ಎತ್ತರದ ಆನೈಮುಡಿಯೇ 2,695 ಮೀಟರ್, ಅದಕ್ಕಿಂತ ಮೇಲೆ ಹೋಗಲು ಜಾಗವಿಲ್ಲ. ಹಿಮ ಬೀಳುವ ರಾತ್ರಿಗಳು ಕಡಿಮೆಯಾದರೆ ಹುಲ್ಲಿನಲ್ಲಿ ಮರ ಏಳುವುದು ಇನ್ನೂ ಸಲೀಸು.

ಕರ್ನಾಟಕದ ಪಾಲು

ಕರ್ನಾಟಕದಲ್ಲಿ ಈಗ ತಾರ್ ಇಲ್ಲ. ಒಂದು ಕಾಲಕ್ಕೆ ಕೊಡಗಿನ ಗಡಿಯ ಬ್ರಹ್ಮಗಿರಿಯವರೆಗೂ ಇದರ ವ್ಯಾಪ್ತಿ ಇತ್ತೆಂದು ಈ ಪ್ರಾಣಿಯ ಬಗೆಗಿನ ವೈಜ್ಞಾನಿಕ ಬರಹಗಳು ಗುರುತಿಸುತ್ತವೆ. ತಾರ್ ಇಲ್ಲದಿದ್ದರೂ ಅದರ ನೆಲೆಯ ಬಂಧುಗಳು ನಮ್ಮಲ್ಲಿವೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ, ಕುದುರೆಮುಖ, ಬಾಬಾಬುಡನ್‌ಗಿರಿಯ ಶೋಲಾ ಹುಲ್ಲುಗಾವಲುಗಳು ಅದೇ ಬಗೆಯವು. ಎತ್ತರ ಕಡಿಮೆ, ಹಿಮ ಬೀಳುವುದು ತೀರಾ ಅಪರೂಪ, ಆದರೆ ಹುಲ್ಲು ಮತ್ತು ಶೋಲಾದ ಒಡನಾಟ ಅದೇ. ಮರವಿಲ್ಲದ ಗುಡ್ಡ ಕಂಡರೆ ಅಕೇಶಿಯಾ ನೆಟ್ಟು ಹಸಿರು ಮಾಡುವ ಹಂಬಲ, ವಾರಾಂತ್ಯಕ್ಕೆ ಜೀಪುಗಳು ಹತ್ತುವ ಗುಡ್ಡದ ನೆತ್ತಿ, ಇವೆರಡೂ ನಮಗೆ ಹೊಸತಲ್ಲ. ವನಮಹೋತ್ಸವದ ದಿನ ಹುಲ್ಲುಗಾವಲಿನಲ್ಲಿ ಗುಂಡಿ ತೋಡುವ ಮುನ್ನ ನೀಲಗಿರಿಯಲ್ಲಿ ಆದದ್ದೇನೆಂದು ನೋಡಬೇಕು.

ಮುಂದಿನ ಗಣತಿಯಲ್ಲಿ ಏನು ನೋಡಬೇಕು?

2022ರ ಕೊನೆಗೆ ಘೋಷಣೆಯಾದ ತಮಿಳುನಾಡಿನ ಯೋಜನೆಯ ಅವಧಿ 2027ರವರೆಗೆ. ಹೊಸ ಎಣಿಕೆ ಬಂದಾಗಲೆಲ್ಲ ಒಟ್ಟು ಸಂಖ್ಯೆಯೇ ತಲೆಬರಹವಾಗುತ್ತದೆ. ಓದುಗರು ಅದನ್ನು ದಾಟಿ, ಹಿಂದೆಯೂ ಎಣಿಸಿದ್ದ ಅದೇ ಬ್ಲಾಕ್‌ಗಳಲ್ಲಿ ಏನಾಯಿತು ಎಂದು ಕೇಳಬೇಕು. ಬಲಿತ ಹೆಣ್ಣುಗಳಿಗೆ ಎಷ್ಟು ಮರಿಗಳಿವೆ ಎಂಬುದನ್ನೂ ನೋಡಬೇಕು, ಏಕೆಂದರೆ ಒಟ್ಟು ಸಂಖ್ಯೆ ಇಳಿಯುವ ಮೊದಲೇ ಮರಿಗಳ ಪ್ರಮಾಣ ಇಳಿಯುತ್ತದೆ. ಐದು, ಹತ್ತು ತಾರ್ ಮಾತ್ರ ಉಳಿದ ಸಣ್ಣ ಬೆಟ್ಟಗಳಲ್ಲಿ ಅವು ಇನ್ನೂ ಇವೆಯೇ ಎಂಬುದು ಎರವಿಕುಳಂನ ಏರಿಕೆಗಿಂತ ಮುಖ್ಯವಾದ ಸುದ್ದಿ. ಎರವಿಕುಳಂನಲ್ಲಿ ಐವತ್ತು ಹೆಚ್ಚಿ, ಐದು ಸಣ್ಣ ಬೆಟ್ಟಗಳಲ್ಲಿ ತಾರ್ ಪೂರ್ತಿ ಅಳಿದರೂ ರಾಜ್ಯದ ಮೊತ್ತ ಏರಿದಂತೆಯೇ ಕಾಣಬಹುದು.

ಎಷ್ಟು ಹೆಕ್ಟೇರ್ ವಾಟಲ್ ತೆಗೆದರು ಎಂಬುದಕ್ಕಿಂತ, ತೆಗೆದ ಜಾಗದಲ್ಲಿ ಮೂರನೇ ವರ್ಷ ಎಷ್ಟು ಹುಲ್ಲು ಉಳಿದಿದೆ ಎಂಬ ಲೆಕ್ಕವನ್ನೂ ಇಲಾಖೆಗಳು ಗಣತಿಯ ವರದಿಯ ಜೊತೆಗೇ ಪ್ರಕಟಿಸಬೇಕು. ಉಪಗ್ರಹ ಚಿತ್ರಗಳಿರುವ ಈ ಕಾಲದಲ್ಲಿ ಅದು ಕಷ್ಟದ ಕೆಲಸವಲ್ಲ.